ಪರದೇಶದಲ್ಲಿ ಒಂದು ವರುಷ: ಹೋಗುವ ಯೌವನಸ್ಥರಿಗೂ ಕಳುಹಿಸುವ ಸಭೆಗೂ ಒಂದು ಪಾಠ

ಓದತಕ್ಕ ಭಾಗಗಳು: ಅಪೊಸ್ತಲರ ಕೃತ್ಯಗಳು ೨೮ನೇ ಅಧ್ಯಾಯ ೧ರಿಂದ ೧೦ನೇ ವಚನದ ವರೆಗೆ, ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರಿಕೆ ೯ನೇ ಅಧ್ಯಾಯ ೧೯ರಿಂದ ೨೩ನೇ ವಚನದ ವರೆಗೆ.



ನಮ್ಮ ಪ್ರಾಂತದ ಒಂದು ಹಳ್ಳಿಯ ಸಭೆಯಲ್ಲಿ ಬುಧವಾರ ಸಾಯಂಕಾಲದ ಪ್ರಾರ್ಥನಾಕೂಟವು ಮುಗಿಯುತ್ತಿರಲಾಗಿ ಸಭಾಹಿರಿಯರೊಬ್ಬರು ಎದ್ದು, ನಮ್ಮೊಳಗಿನ ೨೨ ವರುಷದ ಒಬ್ಬ ಹೆಣ್ಣುಮಗಳು ಒಂದು ವರುಷದ ಸೇವೆಗಾಗಿ ಜರ್ಮನಿ ದೇಶಕ್ಕೆ ಹೋಗುವದಕ್ಕೆ ಆರಿಸಲ್ಪಟ್ಟಿದ್ದಾಳೆಂದೂ ಅಲ್ಲಿಯ ಒಂದು ವೃದ್ಧಾಶ್ರಮದಲ್ಲಿ ಕೆಲಸಮಾಡುವಳೆಂದೂ ತಿಳಿಸಿದರು. ಎಲ್ಲರೂ ಸಂತೋಷಪಟ್ಟರು. ಆಕೆಯ ತಾಯಿ ಮಾತ್ರ ಸೆರಗನ್ನು ಬಿಗಿಯಾಗಿ ಹೊದ್ದು ಸುಮ್ಮನೆ ಕುಳಿತಿದ್ದರು. ಜನರು ಹೊರಟ ಮೇಲೆ ಅವರು ಬಾಗಿಲ ಬಳಿಯಲ್ಲಿ ನಿಂತು, “ಉಪದೇಶಿಗಳೇ, ದೇವರ ಚಿತ್ತವಾದರೆ ನಾನು ಅಡ್ಡ ಬರುವದಿಲ್ಲ. ಆದರೆ ಹೋದವಳು ನಮ್ಮವಳಾಗಿಯೇ ತಿರುಗಿ ಬರುವಳೋ?” ಎಂದು ಕೇಳಿದರು.

ಇದಕ್ಕೆ ತಕ್ಕ ಉತ್ತರವು ಆ ಕ್ಷಣದಲ್ಲಿ ನಮ್ಮ ನಾಲಿಗೆಗೆ ಬರಲಿಲ್ಲ. ದೇವರು ಕಾಯುವನೆಂದು ಹೇಳಿ ಕಳುಹಿಸಿದೆವು. ಆ ಮಾತು ಸುಳ್ಳಲ್ಲ. ಆದರೆ ತಾಯಿಯು ಕೇಳಿದ್ದು ಅದನ್ನಲ್ಲವೆಂದು ದಾರಿಯಲ್ಲಿ ನಡೆಯುತ್ತಿರುವಾಗ ನಮಗೆ ತಿಳಿಯಿತು. ಮುಂದಿನ ಮೂರು ಬುಧವಾರಗಳಲ್ಲಿ ಈ ವಿಷಯವನ್ನೇ ಪಾಠವಾಗಿ ಇಟ್ಟುಕೊಂಡೆವು. ಆಗ ಓದಿದ್ದನ್ನೂ ಮಾತಾಡಿದ್ದನ್ನೂ ಕೂಡಿಸಿ ಇಲ್ಲಿ ಬರೆಯುತ್ತೇವೆ.

ಈ ಸೇವೆಯು ಎಂಥದೆಂದು ಮೊದಲು ಹೇಳಬೇಕು. ಯಾಕಂದರೆ ಇದರ ವಿಷಯದಲ್ಲಿ ನಮ್ಮ ಊರುಗಳಲ್ಲಿ ಬಹಳ ತಪ್ಪು ತಿಳುವಳಿಕೆ ಇದೆ. ಜರ್ಮನಿಯ ಸರಕಾರವು ೨೦೦೮ರಲ್ಲಿ ಯೌವನಸ್ಥರನ್ನು ಪರದೇಶಗಳಿಗೆ ಸ್ವಯಂಸೇವಕರನ್ನಾಗಿ ಕಳುಹಿಸುವ ಒಂದು ಏರ್ಪಾಟನ್ನು ಆರಂಭಿಸಿತು. ವಯಸ್ಸು ೧೮ಕ್ಕೆ ಕಡಿಮೆಯಾಗಬಾರದು, ೨೮ಕ್ಕೆ ಮೀರಬಾರದು ಎಂದು ಗೊತ್ತುಮಾಡಿತು. ಮೊದಲು ಅಲ್ಲಿಂದ ಇತ್ತ ಬರುವವರಿಗೆ ಮಾತ್ರ ಅವಕಾಶವಿತ್ತು. ಬರುವದೇ ಆದರೆ ಹೋಗುವದೂ ಇರಬೇಕಲ್ಲವೇ ಎಂದು ಅನೇಕರು ಕೇಳಿದ ಮೇಲೆ, ೨೦೧೩ರಿಂದ ನಮ್ಮಂಥ ದೇಶಗಳಿಂದ ಅತ್ತ ಹೋಗುವದಕ್ಕೂ ಬಾಗಿಲು ತೆರೆಯಲ್ಪಟ್ಟಿತು. ನಮ್ಮ ದಕ್ಷಿಣ ಭಾರತ ಸಭೆಯು ಅಂಗವಾಗಿರುವ, ಸ್ಟುಟ್‌ಗಾರ್ಟ್ ಪಟ್ಟಣದಲ್ಲಿ ಕಾರ್ಯಾಲಯವುಳ್ಳ ಮಿಷನ್ ಸಂಘವೂ ಇಂಥ ಸೇವೆಯನ್ನು ನಡಿಸುತ್ತದೆ. ಹೋದವರಿಗೆ ವಸತಿ, ಊಟ, ಕೈಖರ್ಚಿಗೆ ಸ್ವಲ್ಪ ಹಣ, ಇಷ್ಟೇ ದೊರೆಯುತ್ತವೆ, ಸಂಬಳವಿಲ್ಲ. ಅವಧಿ ಮುಗಿದ ಮೇಲೆ ತಿರುಗಿ ಬರಲೇಬೇಕು. ಇದನ್ನು ನಾವು ಎರಡು ಸಾರಿ ಬಿಡಿಸಿ ಹೇಳಿದ ಮೇಲೆಯೂ ಒಬ್ಬ ಹಿರಿಯರು, ಬರುವಾಗ ಸಭೆಗೆ ಒಂದು ಹಾರ್ಮೋನಿಯಮ್ ಪೆಟ್ಟಿಗೆಯನ್ನು ತರುವದಕ್ಕೆ ಹುಡುಗಿಗೆ ಹೇಳಬಹುದೋ ಎಂದು ವಿಚಾರಿಸಿದರು. ಒಳ್ಳೇ ಮನಸ್ಸಿನವರೇ. ಆದರೆ ಇಂಥ ಮಾತುಗಳಿಂದ ಹೋಗುವವರ ಹೆಗಲಿನ ಮೇಲೆ ಎಷ್ಟು ಭಾರ ಬೀಳುತ್ತದೆಂಬದನ್ನು ಅವರು ಎಣಿಸಲಿಲ್ಲ.

ಇನ್ನೊಂದು ತಪ್ಪು ತಿಳುವಳಿಕೆಯೇನಂದರೆ, ಇದು ನಮ್ಮ ಸಭೆಗಳಿಗೆ ಹೊಸ ಸಂಗತಿ ಎಂಬದು. ಹೊಸದಲ್ಲ. ಕನ್ನಡನಾಡಿಗೂ ಬಾಸೆಲ್ ಪಟ್ಟಣಕ್ಕೂ ನಡುವೆ ಯೌವನಸ್ಥರು ಹೋಗಿ ಬರುವದಕ್ಕೆ ತೊಡಗಿ ೧೭೫ ವರುಷಗಳು ಕಳೆದಿವೆ. ಅವರಲ್ಲಿ ಇಬ್ಬರ ವೃತ್ತಾಂತವನ್ನು ಎರಡನೆಯ ಬುಧವಾರ ಹೇಳಿದೆವು. ಇಬ್ಬರೂ ಸುಮಾರು ೨೧ ವರುಷ ಪ್ರಾಯದಲ್ಲಿ ಕಡಲನ್ನು ದಾಟಿದವರು. ಒಬ್ಬರು ಇಲ್ಲಿಂದ ಅಲ್ಲಿಗೆ, ಒಬ್ಬರು ಅಲ್ಲಿಂದ ಇಲ್ಲಿಗೆ.

ಮೊದಲನೆಯವರು ಮಂಗಳೂರಿನ ಆನಂದರಾವ್ ಕೌಂಡಿನ್ಯರು. ೧೮೨೫ರಲ್ಲಿ ಸಾರಸ್ವತ ಬ್ರಾಹ್ಮಣ ಕುಲದಲ್ಲಿ ಹುಟ್ಟಿ, ಮಿಷನ್ ಶಾಲೆಯಲ್ಲಿ ಓದಿ, ೧೮೪೪ನೇ ಜನವರಿಯಲ್ಲಿ ತಮ್ಮ ಕುಲದ ಇನ್ನಿಬ್ಬರೊಂದಿಗೆ ದೀಕ್ಷಾಸ್ನಾನ ಹೊಂದಿ, ತಮ್ಮ ಗುರುಗಳಾದ ಹರ್ಮನ್ ಮೋಗ್ಲಿಂಗ್ ಅಯ್ಯನವರ ಹೆಸರನ್ನೇ ಧರಿಸಿ ಹರ್ಮನ್ ಆನಂದರಾವ್ ಕೌಂಡಿನ್ಯರೆನಿಸಿಕೊಂಡರು. ಆಗ ಊರಲ್ಲಿ ದೊಡ್ಡ ಗದ್ದಲವೆದ್ದಿತು. ಬಾಲ್ಯದಲ್ಲಿ ಕೈಹಿಡಿದ ಹೆಂಡತಿಯು ಅವರೊಡನೆ ಬಾಳುವದಕ್ಕೆ ಬರಲಿಲ್ಲ. ೧೮೪೬ರಲ್ಲಿ ಅವರು ಮೋಗ್ಲಿಂಗ್ ಅಯ್ಯನವರ ಸಂಗಡ ಯೂರೋಪಿಗೆ ಬಂದು ಬಾಸೆಲ್ ಮಿಷನಿನ ವಿದ್ಯಾಲಯವನ್ನು ಸೇರಿದರು. ಸುಯೆಜ್ ಕಾಲುವೆಯು ತೆರೆಯಲ್ಪಟ್ಟದ್ದು ೧೮೬೯ರಲ್ಲಿ. ಅದಕ್ಕೆ ಮುಂಚೆ ಯೂರೋಪಿಗೆ ಹೋಗತಕ್ಕವರು ಆಫ್ರಿಕಾ ಖಂಡವನ್ನೆಲ್ಲಾ ಸುತ್ತಬೇಕಾಗಿತ್ತು, ಇಲ್ಲವೆ ಐಗುಪ್ತದಲ್ಲಿ ಹಡಗಿನಿಂದಿಳಿದು ಮರಳುನೆಲವನ್ನು ದಾಟಿ ಬೇರೆ ಹಡಗನ್ನು ಹತ್ತಬೇಕಾಗಿತ್ತು. ಈಗ ಬೆಂಗಳೂರಿನಲ್ಲಿ ರಾತ್ರಿ ವಿಮಾನ ಹತ್ತಿದವರು ಮರುದಿನ ಜರ್ಮನಿಯಲ್ಲಿ ಇರುತ್ತಾರೆ. ಆದರೂ ತಾಯಿಗೆ ದೂರವು ದೂರವೇ.

ಬಾಸೆಲ್ ಎಂಬದು ಸ್ವಿಟ್ಜರ್‌ಲೆಂಡಿನ ಗಡಿಯಲ್ಲಿ ರೈನ್ ನದಿಯ ಮೇಲಿರುವ ಪಟ್ಟಣ. ಅಲ್ಲಿಯ ಮಿಷನ್ ಸಂಘವು ಹುಟ್ಟಿದ್ದು ೧೮೧೫ರಲ್ಲಿ. ಅದರ ವಿದ್ಯಾಲಯದಲ್ಲಿ ಓದುತ್ತಿದ್ದವರು ಬಹುಮಟ್ಟಿಗೆ ಒಕ್ಕಲಿಗರ ಮಕ್ಕಳು, ಬಡಗಿ ನೇಕಾರ ಮುಂತಾದ ಕಸಬುಗಾರರ ಮಕ್ಕಳು. ನಿಯಮಗಳು ಕಟ್ಟುನಿಟ್ಟು. ದಿನಚರಿಯಲ್ಲಿ ಇಬ್ರಿಯ ಗ್ರೀಕ್ ಭಾಷೆಗಳಿಗೆ ಹೇಗೆ ಹೊತ್ತು ಇತ್ತೋ ಹಾಗೆಯೇ ಕೈಕೆಲಸಕ್ಕೂ ಹೊತ್ತು ಇತ್ತು. ವಾಚಕರೇ, ಇದನ್ನು ಸ್ವಲ್ಪ ಆಲೋಚಿಸಿರಿ. ಮುಟ್ಟು ಮೈಲಿಗೆಯ ಲೆಕ್ಕದಲ್ಲಿ ಬೆಳೆದ ಬ್ರಾಹ್ಮಣರ ಹುಡುಗನು ರೈತರ ಮಕ್ಕಳ ಪಕ್ಕದಲ್ಲಿ ಒಂದೇ ಮೇಜಿನಲ್ಲಿ ಉಂಡು ಅವರೊಡನೆ ಕೈ ಮಣ್ಣುಮಾಡಿಕೊಳ್ಳಬೇಕು. ಹಿಮ ಬೀಳುವ ದೇಶದಲ್ಲಿ, ಇನ್ನೂ ಬಾಯಿಗೆ ಬಾರದ ಭಾಷೆಯಲ್ಲಿ, ತನಗಿಂತ ಕಡಿಮೆ ಓದಿದವರಿಂದ ಪ್ರತಿಯೊಂದನ್ನೂ ಕೇಳಿ ಕಲಿಯಬೇಕು. ಪುಸ್ತಕದ ಪಾಠಕ್ಕಿಂತ ಈ ಪಾಠವು ಕಡಿಮೆಯದಾಗಿರಲಾರದೆಂದು ನಮಗೆ ತೋರುತ್ತದೆ. ಐದು ವರುಷ ಅಲ್ಲಿದ್ದು, ೧೮೫೧ರಲ್ಲಿ ಸೇವೆಗೆ ಅಭಿಷೇಕ ಹೊಂದಿ, ಅವರು ಮಂಗಳೂರಿಗೆ ತಿರುಗಿ ಬಂದರು.

ತಿರುಗಿ ಬಂದರು ಎಂಬ ಮಾತನ್ನು ಆ ತಾಯಿಯ ಪ್ರಶ್ನೆಗಾಗಿ ಒತ್ತಿ ಹೇಳಿದೆವು. ಬಂದವರು ಯೂರೋಪಿನ ಸಹೋದರರಿಗೆ ಸಮಾನವಾದ ಮಿಷನರಿಯಾಗಿ ಬಂದರು. ನಮ್ಮಂಥ ಉಪದೇಶಿಗಳನ್ನು ಸಿದ್ಧಪಡಿಸುವ ಮಂಗಳೂರಿನ ವಿದ್ಯಾಲಯದಲ್ಲಿ ಬೋಧಿಸಿದರು. ಕೊಡಗಿನಲ್ಲಿ ಜೀತದಿಂದ ಬಿಡಿಸಿಕೊಂಡು ಕ್ರೈಸ್ತರಾದ ಬಡಜನರಿಗಾಗಿ ಏರ್ಪಟ್ಟ ಊರು ಅವರ ಹೆಸರಿನಿಂದಲೇ ಆನಂದಪುರವೆಂದು ಕರೆಯಲ್ಪಟ್ಟಿತು. ೧೮೬೦ರಲ್ಲಿ ಒಬ್ಬ ಜರ್ಮನ್ ಸ್ತ್ರೀಯನ್ನು ಮದುವೆಯಾದರು. ೧೮೯೩ರಲ್ಲಿ ಕರ್ತನಲ್ಲಿ ನಿದ್ರೆಹೋಗುವ ವರೆಗೆ ಸೇವೆಯನ್ನು ಬಿಡಲಿಲ್ಲ. ಅವರು ಹೋದಂತೆಯೇ ತಿರುಗಿ ಬಂದರೋ ಎಂದು ಕೂಟದಲ್ಲಿ ಕೇಳಿದೆವು. ಇಲ್ಲ ಎಂದರು ಎಲ್ಲರೂ. ಹಾಗಾದರೆ ಅವರು ನಮ್ಮವರೋ ಅಲ್ಲವೋ ಎಂದು ಕೇಳಿದಾಗ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ.

ಎರಡನೆಯವರನ್ನು ನೀವೆಲ್ಲರೂ ಬಲ್ಲಿರಿ. ಫೆರ್ಡಿನೆಂಡ್ ಕಿಟ್ಟೆಲ್ ಅಯ್ಯನವರು ೧೮೩೨ರಲ್ಲಿ ಉತ್ತರ ಜರ್ಮನಿಯ ಕಡಲಂಚಿನ ನಾಡಿನಲ್ಲಿ ಹುಟ್ಟಿದರು. ೧೮೫೦ರಲ್ಲಿ ಬಾಸೆಲ್ ವಿದ್ಯಾಲಯವನ್ನು ಸೇರಿದರು. ಕೌಂಡಿನ್ಯರು ಅಲ್ಲಿಂದ ಹೊರಟದ್ದು ೧೮೫೧ರಲ್ಲಿ. ಹಾಗಾದರೆ ಕನ್ನಡ ನುಡಿಯ ಒಬ್ಬ ಯೌವನಸ್ಥರೂ, ಮುಂದೆ ಆ ನುಡಿಗೆ ಶಬ್ದಕೋಶವನ್ನು ಕೊಡತಕ್ಕ ಇನ್ನೊಬ್ಬರೂ ಸ್ವಲ್ಪಕಾಲ ಒಂದೇ ವಿದ್ಯಾಲಯದಲ್ಲಿದ್ದರು. ೧೮೫೩ರಲ್ಲಿ ಕಿಟ್ಟೆಲ್ ಅಯ್ಯನವರು ಮಂಗಳೂರಿಗೆ ಬಂದು ಅಲ್ಲಿಂದ ಧಾರವಾಡದ ಕಡೆಗೆ ಹೋದರು. ಪೌಲನು ಕೊರಿಂಥದವರಿಗೆ ಬರೆದ ಪತ್ರಿಕೆಯ ೯ನೇ ಅಧ್ಯಾಯವನ್ನು ಅವರು ಓದಿ ಬಿಟ್ಟುಬಿಡದೆ, ಈ ನಾಡಿನವರಿಗೆ ತಾನೂ ಈ ನಾಡಿನವನಾಗಬೇಕೆಂದು ಮನಸ್ಸುಮಾಡಿದರು. ಊರಿನವರಂತೆ ಸರಳವಾಗಿ ಬದುಕಬೇಕು, ಅವರ ನಡುವೆ ತಿರುಗಾಡಬೇಕು, ಅವರ ಪುಸ್ತಕಗಳನ್ನೂ ಪದಗಳನ್ನೂ ತಿಳಿಯಬೇಕು ಎಂಬದು ಅವರ ಇಚ್ಛೆ. ಇದು ಸಂಗಡಿಗರಾದ ಮಿಷನರಿಗಳಿಗೆ ಸರಿಬೀಳಲಿಲ್ಲ. ಇದರಿಂದ ಅವರಿಗೆ ಕಷ್ಟವೂ ಮನಸ್ತಾಪವೂ ಬಂದವು.

ಇಲ್ಲಿ ನಮ್ಮ ಅಭಿಪ್ರಾಯವನ್ನು ಹೇಳುವದಾದರೆ, ಸಂಗಡಿಗರದು ಬರೀ ಹೊಟ್ಟೇಕಿಚ್ಚು ಎಂದು ನಾವು ಎಣಿಸುವದಿಲ್ಲ. ಒಬ್ಬನು ಬೇರೆಯಾಗಿ ನಡೆದರೆ ಉಳಿದವರೆಲ್ಲರ ನಡತೆಗೆ ಅದು ಆಕ್ಷೇಪಣೆಯಾಗಿ ತೋರುತ್ತದೆ. ೨೧ ವರುಷದ ಹುಡುಗನಿಗೆ ಹಿರಿಯರ ಅನುಭವವು ಹಗುರವಾಗಿ ಕಾಣುವದೂ ಉಂಟು. ಆದರೆ ಕಾಲವು ಯಾರ ಪಕ್ಷವನ್ನು ಹಿಡಿಯಿತೆಂಬದು ಎಲ್ಲರಿಗೂ ಗೊತ್ತು. ೧೮೬೨ರಲ್ಲಿ ಅವರು ಕ್ರಿಸ್ತನ ಚರಿತ್ರೆಯನ್ನು ನಮ್ಮ ಛಂದಸ್ಸಿನಲ್ಲಿ ಕಥಾಮಾಲೆ ಎಂದು ರಚಿಸಿದರು. ಕೇಶಿರಾಜನ ವ್ಯಾಕರಣವನ್ನೂ ನಾಗವರ್ಮನ ಛಂದಸ್ಸನ್ನೂ ಅಚ್ಚು ಹಾಕಿಸಿದರು. ೧೮೯೪ರಲ್ಲಿ ಮಂಗಳೂರಿನ ಮಿಷನ್ ಛಾಪಖಾನೆಯಿಂದ ಅವರ ಶಬ್ದಕೋಶವು ಹೊರಟಿತು. ಅದರಲ್ಲಿ ಸುಮಾರು ೭೦,೦೦೦ ಶಬ್ದಗಳಿವೆ. ಸುವಾರ್ತೆಗೆ ಕಿವಿಗೊಡದ ಮನೆಗಳಲ್ಲಿಯೂ ಆ ಪುಸ್ತಕವು ಗೌರವದಿಂದ ಇಡಲ್ಪಟ್ಟಿದೆ. ಹೇಳುವದಕ್ಕೆ ಬಂದವರು ಕೇಳುವದಕ್ಕೆ ಕುಳಿತದ್ದರ ಫಲ ಅದು.

ಇಷ್ಟು ಹೇಳಿದ ಮೇಲೆ ಸತ್ಯವೇದದ ಭಾಗಕ್ಕೆ ಬಂದೆವು. ಪೌಲನು ಕೈದಿಯಾಗಿ ರೋಮಾಪುರಕ್ಕೆ ಒಯ್ಯಲ್ಪಡುತ್ತಿರುವಾಗ ಹಡಗು ಒಡೆದು, ಎಲ್ಲರೂ ಈಜಿಯೂ ಹಲಗೆಗಳನ್ನು ಹಿಡಿದೂ ಮೆಲಿತೆ ಎಂಬ ದ್ವೀಪವನ್ನು ಸೇರಿದರು. ಈಗ ಅದಕ್ಕೆ ಮಾಲ್ಟಾ ಎಂದು ಹೆಸರು. ಅಲ್ಲಿಯವರು ಬೇರೆ ಭಾಷೆಯ ಜನರು. ಮಳೆಯೂ ಚಳಿಯೂ ಇದ್ದದರಿಂದ ಅವರು ಬೆಂಕಿ ಹೊತ್ತಿಸಿ ಬಂದವರೆಲ್ಲರನ್ನು ಸೇರಿಸಿಕೊಂಡರು. ಆಮೇಲೆ ಒಂದು ಚಿಕ್ಕ ಸಂಗತಿ ಬರೆಯಲ್ಪಟ್ಟಿದೆ. ಅದನ್ನು ನಾವು ಅನೇಕಾವರ್ತಿ ಓದಿದ್ದರೂ ಗಮನಿಸಿದ್ದಿಲ್ಲ. ೩ನೇ ವಚನದಲ್ಲಿ, ಪೌಲನೇ ಒಂದು ಹೊರೆ ಕಟ್ಟಿಗೆಯನ್ನು ಕೂಡಿಸಿ ಬೆಂಕಿಯ ಮೇಲೆ ಹಾಕಿದನೆಂದು ಇದೆ. ಅವನು ಅತಿಥಿ, ನೀರಿನಿಂದ ನೆನೆದವನು, ಅಪೊಸ್ತಲನು. ಆದರೂ ಊರಿನವರು ಹೊತ್ತಿಸಿದ ಬೆಂಕಿಗೆ ಕಟ್ಟಿಗೆ ಆರಿಸುವದಕ್ಕೆ ಬೊಗ್ಗಿದನು. ಊರಿನವರೂ ಅದನ್ನು ಬೇಡವೆನ್ನಲಿಲ್ಲ.

ಆ ಕಟ್ಟಿಗೆಯೊಳಗಿಂದ ಹಾವು ಹೊರಟು ಅವನ ಕೈಯನ್ನು ಕಚ್ಚಿಕೊಂಡಾಗ ದ್ವೀಪದವರು ಏನೆಂದುಕೊಂಡರು? ಇವನು ಕೊಲೆಗಾರನೇ ಎಂದುಕೊಂಡರು. ಸ್ವಲ್ಪ ಹೊತ್ತಾದ ಮೇಲೆ ಅವನು ಬೀಳದೆ ಇರುವದನ್ನು ಕಂಡು, ಇವನು ದೇವರೇ ಅಂದರು. ಎರಡೂ ತಪ್ಪು. ಪರದೇಶದಿಂದ ಬಂದವನನ್ನು ನೋಡುವಾಗ ಮನುಷ್ಯನ ಬುದ್ಧಿಯು ಈ ಎರಡು ಕೊನೆಗಳಿಗೂ ಓಡುತ್ತದೆ. ಅವನು ಕೇಡಿಗನೂ ಅಲ್ಲ, ದೇವರೂ ಅಲ್ಲ, ಕಟ್ಟಿಗೆ ತರುವದಕ್ಕೆ ಬಂದ ಒಬ್ಬ ಮನುಷ್ಯನು ಎಂಬದು ಕಡೆಯಲ್ಲಿ ತೋರುತ್ತದೆ.

ಈ ಮಾತನ್ನು ಬೇರೆಯವರಿಗೆ ಹೇಳುವ ಮುಂಚೆ ನಮ್ಮ ಸ್ವಂತ ತಪ್ಪನ್ನು ಒಪ್ಪಿಕೊಳ್ಳುವದು ನ್ಯಾಯ. ಕೆಲವು ವರುಷಗಳ ಕೆಳಗೆ ನಾವು ಸೇವೆಮಾಡುತ್ತಿದ್ದ ಊರಿನ ಮಕ್ಕಳ ವಸತಿಶಾಲೆಗೆ ಜರ್ಮನಿಯಿಂದ ೧೯ ವರುಷದ ಒಬ್ಬ ಹುಡುಗಿ ಒಂದು ವರುಷದ ಸೇವೆಗೆ ಬಂದಳು. ನಾವು ಆಕೆಗೆ ಮಾಲೆ ಹಾಕಿದೆವು. ಕೂಟಗಳಲ್ಲಿ ಹಿರಿಯರ ಸಾಲಿನಲ್ಲಿ ಕುರ್ಚಿ ಹಾಕಿ ಕೂಡ್ರಿಸಿದೆವು. ನಮ್ಮ ಅಜ್ಜಿಯರು ನೆಲದ ಮೇಲೆ ಕುಳಿತಿದ್ದರು. ಆಕೆಗೆ ಖಾರವಾಗದೆಂದು ಬೇರೆ ಅಡಿಗೆ. ಊಟವಾದ ಮೇಲೆ ಆಕೆ ತಟ್ಟೆಯನ್ನು ಎತ್ತಿಕೊಂಡು ಬಚ್ಚಲಿಗೆ ಹೋದರೆ ಯಾರಾದರೂ ಓಡಿಹೋಗಿ ಕೈಯಿಂದ ಕಿತ್ತುಕೊಳ್ಳುತ್ತಿದ್ದರು. ಇದೆಲ್ಲಾ ಪ್ರೀತಿಯೆಂದೇ ಎಣಿಸಿದ್ದೆವು. ಮೂರು ತಿಂಗಳಾದ ಮೇಲೆ ಆಕೆ ನಮ್ಮ ಮನೆಗೆ ಬಂದು, ಅರೆಬರೆ ಕನ್ನಡದಲ್ಲಿ, ಈ ಊರಿನಲ್ಲಿ ನನ್ನ ತಟ್ಟೆಯನ್ನು ನಾನೇ ತೊಳೆಯಬಹುದಾದ ಒಂದು ಮನೆ ಇದೆಯೋ ಎಂದು ಕೇಳಿ ಅತ್ತಳು. ನಾವು ಆಕೆಯನ್ನು ಸೇವೆಗೆ ಕರೆದು ಸೇವೆಮಾಡಗೊಡಿಸದೆ ಇಟ್ಟಿದ್ದೆವು.

ಆ ದಿನ ನಮ್ಮ ಮನೆಯಲ್ಲಿ ಜೋಳದ ರೊಟ್ಟಿಯೂ ಪುಂಡಿಪಲ್ಯವೂ ಆಗಿತ್ತು. ಆಕೆ ಉಂಡು, ತನ್ನ ತಟ್ಟೆಯೊಂದಿಗೆ ನಮ್ಮ ತಟ್ಟೆಗಳನ್ನೂ ತೊಳೆದಳು. ಮರುದಿನದಿಂದ ವಸತಿಶಾಲೆಯ ಅಡಿಗೆಯವರಾದ ಅಕ್ಕನ ಸಂಗಡ ಒಲೆಯ ಮುಂದೆ ಕುಳಿತು ರೊಟ್ಟಿ ಬಡಿಯುವದಕ್ಕೆ ಕಲಿತಳು. ಆಕೆಯ ರೊಟ್ಟಿ ಕಡೆಯ ವರೆಗೂ ಗುಂಡಗಾಗಲಿಲ್ಲ. ಆದರೆ ಆಕೆಯ ಕನ್ನಡವು ಆ ಒಲೆಯ ಮುಂದೆಯೇ ಬೆಳೆಯಿತು. ಒಲೆಯ ಮುಂದೆ ಕಲಿತ ಕನ್ನಡವಾದದರಿಂದ ಒಂದು ತೊಡಕೂ ಉಂಟಾಯಿತು. ಅಡಿಗೆಯ ಅಕ್ಕನು ಆಕೆಯನ್ನು ನೀನು ಎನ್ನುತ್ತಿದ್ದರು. ಆಕೆ ಅದನ್ನೇ ಕಲಿತು ಸಭಾಹಿರಿಯರನ್ನೂ ನೀನು ಅಂದಳು. ಅವರು ಮುಖ ಗಂಟಿಕ್ಕಿಕೊಂಡರು. ಆಕೆಗೆ ತಿಳಿಸಿ ಹೇಳಲು ಬಹಳ ನಾಚಿಕೊಂಡು, ನಮ್ಮ ಭಾಷೆಯಲ್ಲಿಯೂ ಇಂಥ ಎರಡು ಮಾತುಗಳಿವೆ, ದೂ ಎಂದರೆ ನೀನು, ಜೀ ಎಂದರೆ ನೀವು. ಆದರೆ ಪ್ರಾರ್ಥನೆಯಲ್ಲಿ ದೇವರನ್ನು ನಾವು ದೂ ಅನ್ನುತ್ತೇವೆ, ನೀವೂ ದೇವರನ್ನು ನೀನು ಅನ್ನುತ್ತೀರಿ, ಹಾಗಾದರೆ ಹಿರಿಯರು ದೇವರಿಗಿಂತ ದೊಡ್ಡವರೋ ಎಂದು ಕೇಳಿದಳು. ಹಿರಿಯರು ಮೊದಲು ಬೆಪ್ಪಾಗಿ ಆಮೇಲೆ ನಕ್ಕುಬಿಟ್ಟರು. ಮುಂದೆ ಆಕೆ ಅವರನ್ನು ನೀವು ಎಂದೇ ಕರೆದಳು.

ಆಕೆಯ ಕಡೆಯಿಂದಲೂ ತಪ್ಪಾಗದೆ ಇರಲಿಲ್ಲ. ತನಗೆ ಪ್ರಿಯರಾದ ನಾಲ್ಕೈದು ಮಕ್ಕಳಿಗೆ ಮಾತ್ರ ಬಣ್ಣದ ಪೆನ್ನುಗಳನ್ನು ಕೊಟ್ಟಳು. ಅದರಿಂದ ವಸತಿಶಾಲೆಯಲ್ಲಿ ಒಂದು ವಾರ ಜಗಳ. ಹರಕಂಗಿಯ ಒಬ್ಬ ಹುಡುಗನ ಚಿತ್ರವನ್ನು ತೆಗೆದು ತನ್ನ ಊರಿನವರಿಗೆ ಕಳುಹಿಸಿದಳು. ಅವನ ತಂದೆಯು ಇದನ್ನು ಕೇಳಿ ನೊಂದುಕೊಂಡು, ಮಗನಿಗೆ ಹಬ್ಬದ ಅಂಗಿ ಇದೆ, ಅದನ್ನು ಹಾಕಿಸಿ ತೆಗೆಯಬಾರದಾಗಿತ್ತೋ ಅಂದನು. ಆ ಮಾತು ನ್ಯಾಯವಾದದ್ದು. ಆಕೆ ಅವನ ಮನೆಗೆ ಹೋಗಿ ಕ್ಷಮೆ ಕೇಳಿದಳು. ಹಬ್ಬದ ಅಂಗಿಯ ಚಿತ್ರವನ್ನೂ ತೆಗೆದಳು.

ಮೂರನೆಯ ಬುಧವಾರ ನೆರೆಯ ಸಭೆಯ ಒಬ್ಬ ಯೌವನಸ್ಥನನ್ನು ಕರೆಯಿಸಿದೆವು. ಅವನು ಜರ್ಮನಿಯಲ್ಲಿ ಒಂದು ವರುಷ ಇಂಥ ಸೇವೆಯಲ್ಲಿದ್ದು ಬಂದವನು; ಅವನಿದ್ದದ್ದೂ ಒಂದು ವೃದ್ಧಾಶ್ರಮದಲ್ಲಿಯೇ. ಹೋಗತಕ್ಕ ಹುಡುಗಿಯೂ ಆಕೆಯ ತಾಯಿಯೂ ಮುಂದೆ ಕುಳಿತಿದ್ದರು. ಅವನು ಹೇಳಿದ್ದರಲ್ಲಿ ಕೆಲವನ್ನು ಬರೆಯುತ್ತೇವೆ.

ಮೊದಲನೆಯ ವಾರ ಹಸಿವಿನಿಂದ ಕಳೆಯಿತಂತೆ. ಅನ್ನವಿರಲಿಲ್ಲವೆಂದಲ್ಲ. ಅವನು ಹೋದ ಮನೆಯವರು, ಇನ್ನೂ ಬೇಕೋ ಎಂದು ಕೇಳುವರು. ಅವನು ನಮ್ಮ ಮರ್ಯಾದೆಯ ಪ್ರಕಾರ ಬೇಡ ಅನ್ನುವನು. ಅವರು ಪಾತ್ರೆಯನ್ನು ಮುಚ್ಚಿ ಒಳಗಿಡುವರು. ನಮ್ಮಲ್ಲಿ ಬೇಡವೆಂಬದು ಮಾತಿನ ಆರಂಭ. ಮೂರು ಸಾರಿ ಬಲವಂತ ಮಾಡಿದ ಮೇಲೆ ಸ್ವಲ್ಪ ಹಾಕಿರಿ ಎಂಬದು ಅದರ ಮುಕ್ತಾಯ. ಅಲ್ಲಿ ಬೇಡವೆಂದರೆ ಬೇಡ. ಅವರಿಗೆ ಪ್ರೀತಿಯಿಲ್ಲವೆಂದು ಅವನು ಊರಿಗೆ ಬರೆದನು. ಒಂದು ತಿಂಗಳ ಮೇಲೆ ಅವನಿಗೆ ತಿಳಿದುಬಂದದ್ದೇನಂದರೆ, ಅವರು ಅವನ ಮಾತನ್ನು ನಂಬಿದ್ದರು. ಒಬ್ಬನ ಮಾತನ್ನು ನಂಬುವದೂ ಒಂದು ಮರ್ಯಾದೆಯೇ. ರಾತ್ರಿಯ ಊಟಕ್ಕೆ ಬಿಸಿ ಅಡಿಗೆಯಿಲ್ಲದೆ ರೊಟ್ಟಿತುಂಡನ್ನೂ ಗಿಣ್ಣನ್ನೂ ತಿನ್ನುವದಕ್ಕೆ ಮಾತ್ರ ತಾನು ಕಡೆಯ ವರೆಗೆ ಒಗ್ಗಿಕೊಳ್ಳಲಿಲ್ಲವೆಂದನು.

ಹೊತ್ತಿನ ವಿಷಯದಲ್ಲಿ ಅವನಿಗೆ ಬಿದ್ದ ಪೆಟ್ಟು ಬೇರೆ. ಒಂದು ಮುಂಜಾನೆ ಕೆಲಸಕ್ಕೆ ಹತ್ತು ನಿಮಿಷ ತಡವಾಗಿ ಹೋದನು. ರಾತ್ರಿಯೆಲ್ಲಾ ನಿದ್ದೆಗೆಟ್ಟು ಮುದುಕರನ್ನು ನೋಡಿಕೊಂಡಿದ್ದ ದಾದಿಯು ಇವನು ಬರುವ ವರೆಗೆ ಹೊರಡುವಂತಿರಲಿಲ್ಲ. ಹಳ್ಳಿಗೆ ಹೋಗುವ ಆಕೆಯ ಬಸ್ಸು ತಪ್ಪಿತು, ಮುಂದಿನದು ಒಂದು ತಾಸಿನ ಮೇಲೆ. ಆಕೆ ಬಯ್ಯಲಿಲ್ಲ. ಮನೆಯಲ್ಲಿ ಚಿಕ್ಕ ಮಗುವು ಶಾಲೆಗೆ ಹೋಗಲಿಕ್ಕೆ ತಾಯಿಯನ್ನು ಕಾಯುತ್ತಿದೆ ಎಂದಷ್ಟೇ ಹೇಳಿದಳು. ಬಿಳಿಯರು ಗಡಿಯಾರವನ್ನು ಪೂಜಿಸುತ್ತಾರೆಂದು ನಾವೆಲ್ಲರೂ ಹಾಸ್ಯಮಾಡುತ್ತೇವೆ. ಅವನು ಆ ದಿನದಿಂದ ಹಾಸ್ಯಮಾಡುವದಿಲ್ಲ. ಭಾನುವಾರದ ಆರಾಧನೆಗೆ ಗಂಟೆಯಾದ ಮೇಲೆ ಬರುವ ನಮ್ಮ ಸಹೋದರರು ಇದನ್ನು ಕೇಳುತ್ತಾ ಕಿಟಕಿಯ ಕಡೆಗೆ ನೋಡುತ್ತಿದ್ದರು.

ದೇವಾಲಯದ ಸಂಗತಿಯನ್ನು ಅವನು ದುಃಖದಿಂದ ಹೇಳಿದನು. ನಮಗೆ ಸುವಾರ್ತೆಯನ್ನು ತಂದ ದೇಶವಲ್ಲವೇ, ದೇವಾಲಯಗಳು ತುಂಬಿರುವವೆಂದು ಎಣಿಸಿ ಹೋಗಿದ್ದನು. ಕಲ್ಲಿನ ದೊಡ್ಡ ಗುಡಿ, ಮುಗಿಲಿಗೆ ಮುಟ್ಟುವ ಗೋಪುರ. ಒಳಗೆ ಭಾನುವಾರ ಇಪ್ಪತ್ತು ಮಂದಿ, ಬಹುಮಂದಿ ಮುದುಕಿಯರು. ಅವರು ಅವನಿಂದ ಒಂದು ಕನ್ನಡ ಸಂಗೀತವನ್ನು ಬೇಡಿದರು. ಚಿಕ್ಕಂದಿನಿಂದ ಹಾಡುತ್ತಿದ್ದ ಒಂದನ್ನು ಎತ್ತಿಕೊಂಡನು. ಎರಡನೆಯ ಸಾಲಿಗೆ ಬರುವಷ್ಟರಲ್ಲಿ ಮುದುಕಿಯರೆಲ್ಲರೂ ತಮ್ಮ ಭಾಷೆಯಲ್ಲಿ ಕೂಡಿ ಹಾಡುವದಕ್ಕೆ ತೊಡಗಿದರು. ಯಾಕಂದರೆ ರಾಗವು ಅವರದೇ, ಹಿಂದಿನ ಮಿಷನರಿಗಳು ಇಲ್ಲಿಗೆ ತಂದದ್ದು. ಕೆಲವರು ಕಣ್ಣೊರಸಿಕೊಂಡರು. ಆಮೇಲೆ ಒಬ್ಬ ಅಜ್ಜಿ, ಇದು ನಮ್ಮದಾಯಿತು, ನಿಮ್ಮ ನಾಡಿನ ರಾಗದಲ್ಲಿ ಒಂದನ್ನು ಹಾಡು ಅಂದಳು. ಅವನಿಗೆ ಒಂದೂ ಪೂರಾ ಬರಲಿಲ್ಲ. ಭಜನೆಯ ರಾಗಗಳು ಹಳೇ ಜನರಿಗೆ ಎಂದು ಬಿಟ್ಟುಬಿಟ್ಟಿದ್ದನಂತೆ. ಈಗ ತನ್ನ ಊರಿನ ಮುದುಕರೊಬ್ಬರ ಬಳಿಗೆ ಶನಿವಾರ ಶನಿವಾರ ಹೋಗಿ ಕಲಿಯುತ್ತಿದ್ದಾನೆ. ಕಿಟ್ಟೆಲ್ ಅಯ್ಯನವರ ಕಥಾಮಾಲೆಯ ಮಾತನ್ನು ಹಿಂದಿನ ವಾರ ಹೇಳಿದ್ದೆವಾದದರಿಂದ ಕೂಟದವರು ಒಬ್ಬರ ಮುಖವನ್ನೊಬ್ಬರು ನೋಡಿದರು.

ಕಡೆಯದಾಗಿ ವೃದ್ಧಾಶ್ರಮದ ಮಾತು ಬಂತು. ನಮ್ಮ ಜನರಿಗೆ ಇದೇ ದೊಡ್ಡ ಎಡವುಗಲ್ಲು. ಹೆತ್ತವರನ್ನು ಮನೆಯಿಂದ ಹೊರಗೆ ಹಾಕುವ ದೇಶಕ್ಕೆ ನಮ್ಮ ಮಗಳು ಏನು ಕಲಿಯಲಿಕ್ಕೆ ಹೋಗಬೇಕು ಎಂದು ಒಬ್ಬರು ಕೇಳಿಯೇಬಿಟ್ಟರು. ಅವನೂ ಮೊದಲು ಹಾಗೆಯೇ ಎಣಿಸಿ ಆ ಮುದುಕರ ಮಕ್ಕಳನ್ನು ಮನಸ್ಸಿನಲ್ಲಿ ಶಪಿಸಿದ್ದನು. ಅವನು ದಿನವೂ ಮುಖ ತೊಳೆಯಿಸುತ್ತಿದ್ದ ಒಬ್ಬ ಅಜ್ಜಿಗೆ ೯೦ ವರುಷದ ಮೇಲಾಗಿತ್ತು. ಆಕೆಯ ಮಗಳಿಗೇ ಸುಮಾರು ೭೦, ಕಾಲು ನೋವಿನವಳು. ಆ ಮಗಳು ಪ್ರತಿ ಭಾನುವಾರವೂ ಬಸ್ಸಿನಲ್ಲಿ ಬಂದು ತಾಯಿಯ ಕೂದಲನ್ನು ಬಾಚಿ ಹೋಗುತ್ತಿದ್ದಳು. ಯಾರೂ ಬಾರದೆ ಇದ್ದ ಮುದುಕರೂ ಇದ್ದರು. ಅದನ್ನು ಅವನು ಮರೆಮಾಡಲಿಲ್ಲ. ಒಬ್ಬ ಮುದುಕನು ತನ್ನ ಹುಟ್ಟುಹಬ್ಬದ ದಿನ ಸಾಯಂಕಾಲದ ವರೆಗೆ ಹೊಸ ಅಂಗಿ ಹಾಕಿಕೊಂಡು ಬಾಗಿಲನ್ನು ನೋಡುತ್ತಾ ಕುಳಿತಿದ್ದನು. ಕಡೆಗೆ ಇವನೇ ಹತ್ತಿರ ಕುಳಿತು ಅವನೊಂದಿಗೆ ಸಿಹಿರೊಟ್ಟಿಯನ್ನು ತಿಂದನು.

“ನಾನು ಊರಿಗೆ ಬಂದ ರಾತ್ರಿ,” ಎಂದು ಅವನು ಮುಂದುವರಿಸಿದನು, “ಮನೆಯವರೆಲ್ಲರೂ ಪಡಸಾಲೆಯಲ್ಲಿ ನನ್ನ ಸುತ್ತಲೂ ಕುಳಿತಿದ್ದರು. ನಮ್ಮ ಅಜ್ಜಿ ಒಳಗಿನ ಕೋಣೆಯಲ್ಲಿ ಕತ್ತಲಲ್ಲಿದ್ದಳು. ಆಕೆ ಯಾವಾಗಲೂ ಅಲ್ಲಿಯೇ ಇರುತ್ತಿದ್ದಳು. ಹೊತ್ತಿಗೆ ಸರಿಯಾಗಿ ಊಟ ಕೊಡುತ್ತಿದ್ದೆವು. ಆದರೆ ಆಕೆಯ ಉಗುರುಗಳು ಬೆಳೆದು ಮುರಿದಿದ್ದನ್ನು ನಾನು ಆ ರಾತ್ರಿಯೇ ಮೊದಲು ಕಂಡೆನು. ಹೊರಗಿನವರ ಉಗುರನ್ನು ಒಂದು ವರುಷ ಕತ್ತರಿಸಿ ಬಂದವನು ನಾನು.” ಇಷ್ಟು ಹೇಳಿ ಅವನು ಕುಳಿತುಬಿಟ್ಟನು. ಹೆತ್ತವರ ಮಾತನ್ನು ಎತ್ತಿದವರು ಆಮೇಲೆ ಏನೂ ಕೇಳಲಿಲ್ಲ.

ನಮ್ಮ ಜನರು ಪರದೇಶದ ಮಾತು ಬಂದಾಗಲೆಲ್ಲಾ, ಅವರಲ್ಲಿ ಒಳ್ಳೇದನ್ನು ತೆಗೆದುಕೊಂಡು ಕೆಟ್ಟದ್ದನ್ನು ಬಿಡಬೇಕು ಎಂದು ಹೇಳುತ್ತಾರೆ. ಇದು ಸಂತೆಯಲ್ಲಿ ಬದನೇಕಾಯಿ ಆರಿಸಿದಷ್ಟು ಸುಲಭವೆಂದು ಅವರ ಎಣಿಕೆ. ಕೌಂಡಿನ್ಯರಿಗೂ ಕಿಟ್ಟೆಲ್ ಅ‌ಯ್ಯನವರಿಗೂ ಅದು ಸುಲಭವಾಗಲಿಲ್ಲ. ಹೋದವನು ತನ್ನ ಮನೆಯನ್ನೂ ಬೇರೆ ಕಣ್ಣಿನಿಂದ ನೋಡುವವನಾಗಿ ಬರುತ್ತಾನೆ; ಮನೆಯವರಿಗೆ ಅದು ಹಿತವಾಗಿರುವದಿಲ್ಲ. ಆದಕಾರಣ ಹೋಗುವವರ ಸಿದ್ಧತೆಯನ್ನು ಕುರಿತು ಎಷ್ಟು ಮಾತಾಡುತ್ತೇವೋ ಅಷ್ಟೇ, ಬಂದವರನ್ನು ಸೇರಿಸಿಕೊಳ್ಳುವ ಸಿದ್ಧತೆಯನ್ನು ಕುರಿತೂ ಮಾತಾಡಬೇಕಾಗಿದೆ. ಆ ಯೌವನಸ್ಥನು ಬಂದ ಹೊಸದರಲ್ಲಿ ಸಭೆಯ ಲೆಕ್ಕವನ್ನು ಗೋಡೆಗೆ ಅಂಟಿಸಬೇಕೆಂದು ಹೇಳಿದ್ದಕ್ಕೆ, ವಿಲಾಯತಿಯ ಗಾಳಿ ತಗಲಿದೆ ಎಂದು ಅವನ ಬಾಯಿ ಮುಚ್ಚಿಸಿದರಂತೆ. ಅವನ ಮಾತಿನ ರೀತಿಯು ಒರಟಾಗಿದ್ದಿರಬಹುದು. ಆದರೂ ಲೆಕ್ಕವನ್ನು ಅಂಟಿಸತಕ್ಕದ್ದೇ ಎಂದು ನಮ್ಮ ಅಭಿಪ್ರಾಯ.

ಕೂಟವು ಮುಗಿದ ಮೇಲೆ ಆ ತಾಯಿಯ ಬಳಿಗೆ ಹೋಗಿ, ನೀವು ಕೇಳಿದ್ದಕ್ಕೆ ಉತ್ತರವನ್ನು ಹೇಳುತ್ತೇವೆ ಅಂದೆವು. “ಅಮ್ಮಾ, ಆಕೆ ಹೋದಂತೆಯೇ ಬರುವದಿಲ್ಲ. ನಮ್ಮವಳಾಗಿ ಬರುವಳೋ ಎಂಬದು ಆಕೆಯ ಕೈಯಲ್ಲಿ ಅರ್ಧ, ನಮ್ಮ ಕೈಯಲ್ಲಿ ಅರ್ಧ ಇರುತ್ತದೆ.” ಅವರು ಸ್ವಲ್ಪ ಆಲೋಚಿಸಿ, “ಹಾಗಾದರೆ ನಮ್ಮ ಅರ್ಧವನ್ನು ಹೇಗೆ ಮಾಡಬೇಕು, ಹೇಳಿರಿ,” ಅಂದರು.

ಇದಕ್ಕೆ ಸಭೆಯವರೇ ಕೂಡಿ ಗೊತ್ತುಮಾಡಿದ್ದು ಹೀಗೆ. ಆಕೆಯಿಂದ ಹಾರ್ಮೋನಿಯಮ್ ಆಗಲಿ ಬೇರೆ ಯಾವ ವಸ್ತುವಾಗಲಿ ಕೇಳತಕ್ಕದ್ದಲ್ಲ. ಹದಿನೈದು ದಿವಸಕ್ಕೊಮ್ಮೆ ಒಂದೊಂದು ಮನೆಯವರು ಸರದಿಯ ಮೇಲೆ ಆಕೆಗೆ ಕಾಗದ ಬರೆಯತಕ್ಕದ್ದು. ಫೋನಿನಲ್ಲಿ ಮಾತಾಡಿದರೂ ಕಾಗದವನ್ನು ಬಿಡತಕ್ಕದ್ದಲ್ಲ, ಯಾಕಂದರೆ ಚಳಿಗಾಲದ ಸಾಯಂಕಾಲ ನಾಲ್ಕು ಗಂಟೆಗೇ ಕತ್ತಲಾಗುವ ಆ ದೇಶದಲ್ಲಿ ಕೈಯಲ್ಲಿ ಹಿಡಿದು ತಿರುಗಿ ತಿರುಗಿ ಓದುವಂಥದ್ದು ಒಂದಿದ್ದರೆ ಆದರಣೆಯಾಗುತ್ತದೆಂದು ಹೋಗಿಬಂದವನು ಹೇಳಿದನು. ಆಕೆ ಬಂದ ಮೇಲೆ ಮಾಲೆ ಹಾಕಿ ಒಂದು ಸಾರಿ ಮಾತಾಡಿಸಿ ಬಿಡದೆ, ಮೂರು ಕೂಟಗಳನ್ನು ಆಕೆಗೆ ಕೊಟ್ಟು ಮೆಚ್ಚಿದ್ದನ್ನೂ ಮೆಚ್ಚದ್ದನ್ನೂ ಕೇಳತಕ್ಕದ್ದು. ಹೊರಡುವ ವರೆಗೆ ಉಳಿದ ಶನಿವಾರಗಳಲ್ಲಿ ಆಕೆ ಆ ಯೌವನಸ್ಥನ ಊರಿನ ಮುದುಕರ ಬಳಿಗೆ ಹೋಗಿ ಎರಡು ಭಜನೆಗಳನ್ನು ಪೂರಾ ಕಲಿಯತಕ್ಕದ್ದು.

ಎರಡನೆಯ ಶನಿವಾರ ಆಕೆಯ ಸಂಗಡ ತಾಯಿಯೂ ಹೋದರು. ಮುದುಕರಿಗೆ ಮೂರನೆಯ ಚರಣವು ಮರೆತುಹೋಗಿತ್ತು. ಅದನ್ನು ತಾಯಿಯೇ ಹಾಡಿಕೊಟ್ಟರು.